ಹಸ್ತಪ್ರತಿಗೆ ಹಚ್ಚಿದ ಭಂಡಾರ

ವಿಜ್ಞಾನ ಪತ್ರಿಕೆಯೊಂದರಲ್ಲಿ ನನ್ನ ಹೆಸರು ಅಚ್ಚಾಗಿದೆ ಎಂದರೆ ಬೈಲಹೊಂಗಲದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಹೆಸರೂ ಅದರಲ್ಲಿ ಅಚ್ಚಾಗಿದೆ. ಹಾಲು ಮಾರುವ ರಾಚವ್ವನದಂತೂ ಹೆಸರಿನ ಜೊತೆಗೆ ಹೆಬ್ಬೆರಳೂ ಅಚ್ಚಾಗಿದೆ. ಬೇರೆ ಊರುಗಳಲ್ಲಿ ವಿಜ್ಞಾನಕ್ಕಾಗಿ ಒಬ್ಬೊಬ್ಬರೇ ಕುಳಿತು ದುಡಿಯುತ್ತಾರೆಂದು ಕೇಳಿದ್ದೇನೆ. ಪಾಪ, ಅವರ ಓಣಿ ಸರಿಯಿರಲಿಕ್ಕಿಲ್ಲ.

ಈ ಕೀರ್ತಿಗೆಲ್ಲ ಮೂಲ ನಮ್ಮ ಪಕ್ಕದ ಮನೆಯ ಉಳವಪ್ಪ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಸಾಲೆಗೆ ಸೈಕಲ್ ಮೇಲೆ ಹೋಗಿ, ಮನೆಗೆ ನಡೆದುಕೊಂಡು ಬಂದು, ಮರುದಿನ ಬೆಳಿಗ್ಗೆ ಸೈಕಲ್ ಕಳುವಾಗಿದೆ ಎಂದು ಓಣಿಯನ್ನೆಲ್ಲ ಎಬ್ಬಿಸುವ ಜಾತಿಯ ಮನುಷ್ಯ. ಇಂಥವರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವರಿಗೊಬ್ಬ ಭಾವಮೈದುನನಿದ್ದ. ಹೆಂಡತಿ ರಾಜೇಶ್ವರಿಯ ಅಣ್ಣ, ಶಂಕರೆಪ್ಪ, ಅವಳ ತವರೂರು ರಾಮದುರ್ಗದ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕ. ತೊರಗಲ್ ಕೋಟೆಯ ಮೇಲೆ ಅವನು ಬರೆದ ಲೇಖನವೊಂದು ಯಾವುದೋ ಸ್ಮರಣ ಸಂಚಿಕೆಯಲ್ಲಿ ಬಂದಿತ್ತು. ಅಂದಿನಿಂದ ಅವನು ಮದುವೆಗೆ ಆಹೇರಿ ಉಡುಗೊರೆ ತರುವುದನ್ನು ಮರೆತರೂ ಆ ಸಂಚಿಕೆಯನ್ನು ತರುವುದನ್ನು ಮರೆತವನಲ್ಲ.

ಅದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಕಿತ್ತೂರಿನಲ್ಲಿ ರಾಜೇಶ್ವರಿಯ ತವರಿನ ಕಡೆಯವರ ಮದುವೆ. ಊಟದ ಪಂಕ್ತಿಯಲ್ಲಿ ಶಂಕರೆಪ್ಪ ಸಂಚಿಕೆಯನ್ನು ಎಡಗೈಯಿಂದ ಎತ್ತಿ ತೋರಿಸುತ್ತ, ಎದುರಿನ ಸಾಲಿಗೆಲ್ಲ ಕೇಳುವಂತೆ ಹೇಳಿದ.

"ನಮ್ಮ ಮಾಸ್ತರು ಇಷ್ಟು ವರ್ಷ ಖಡು ತಿಕ್ಕಿದ್ರು ನೋಡ್ರಿ. ಬೋರ್ಡಿನ ಮ್ಯಾಲ ಬರದದ್ದು ಸಂಜಿಗೆ ಒರಸಿ ಹೋಗತೈತಿ. ಒಂದ ಅಕ್ಷರ ಆದ್ರೂ ಅಚ್ಚಾತೇನು?"

ಪಂಕ್ತಿ ನಕ್ಕಿತು. ಅಷ್ಟರಲ್ಲಿ ರಾಜೇಶ್ವರಿ ಗೋಧಿ ಹುಗ್ಗಿ ಬಡಿಸುತ್ತ ಗಂಡನ ಎಲೆಯ ಮುಂದೆ ಬಂದು ನಿಂತಿದ್ದಳು. ಸೌಟು ಗಾಳಿಯಲ್ಲೇ ನಿಂತಿತು. ಉಳವಪ್ಪ ಮಾಸ್ತರರು ತಲೆಯೆತ್ತಿ ಅವಳ ಮುಖ ನೋಡಿದರು. ಆಮೇಲೆ ಅವರ ಬಾಯಿ ಅವರನ್ನು ಕೇಳದೆಯೇ ಮಾತಾಡಿಬಿಟ್ಟಿತು.

"ನಂದೂ ಬರಾಕ ಹತ್ತೈತಿ. ಬೆಂಗಳೂರಿನ 'ವಿಜ್ಞಾನ ಹೊಸ್ತಿಲು' ಪತ್ರಿಕಾದಾಗ. ದೀಪಾವಳಿ ಸಂಚಿಕಿ."

ರಾಜೇಶ್ವರಿಯ ಸೌಟು ಇಳಿಯಿತು. ಒಮ್ಮೆಯಲ್ಲ, ಮತ್ತೆ ಮತ್ತೆ ಇಳಿಯಿತು. ಮಾಸ್ತರರ ಎಲೆಯಲ್ಲಿ ಹುಗ್ಗಿ ಅನ್ನದ ಕಡೆಗೆ ಹರಿಯತೊಡಗಿದಾಗ ಪಕ್ಕದಲ್ಲಿ ಕುಳಿತ ನಾನೇ ಸಾಕೆನ್ನಬೇಕಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು. "ಯಾವಾಗ ಬರದ್ರಿ? ನನಗ ಹೇಳಲೇ ಇಲ್ಲ."

"ಬರದೇನಿ ಅಂದ್ರ... ಇನ್ನ ಬರೀಬೇಕು."

ಅವಳು ಸೆರಗು ಬಿಗಿದು ಅವರ ಕಡೆ ತಿರುಗಿದಳು. ಆಮೇಲೆ ಹೇಳಿದಳು. "ನನ್ನ ತವರಮನಿ ಮಂದಿ ಮುಂದ ಹೇಳೀರಿ. ಇನ್ನ ನೀವು ಬರೀಬೇಕು, ಅವರು ಹಾಕಬೇಕು. ಇಲ್ಲಾಂದ್ರ ನಾ ಮತ್ತ ರಾಮದುರ್ಗದ ಬಸ್ಸು ಹತ್ತೂದುಲ್ಲ."

ರಾಜೇಶ್ವರಿ ತಾನು ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು. ಅದು ಮಾಸ್ತರರಿಗೂ ಗೊತ್ತಿತ್ತು, ಹಿಂದಿನ ಸೀಟಿನಲ್ಲಿದ್ದ ನನಗೂ ಗೊತ್ತಿತ್ತು.

ಬೇಸಿಗೆ ರಜೆಯೆಲ್ಲ ಮಾಸ್ತರರು ಬರೆದರು. ವಿಷಯ: ಕಪ್ಪು ರಂಧ್ರ. ಆಕಾಶದಲ್ಲಿ ಎಲ್ಲೋ ಇರುವ, ಬೆಳಕನ್ನೂ ನುಂಗುವ ರಂಧ್ರ. ಮೊದಲ ವಾಕ್ಯ "ಅನಾದ್ಯನಂತ ಬ್ರಹ್ಮಾಂಡದ" ಎಂದು ಶುರುವಾಗಿ, ಪುಟ ತಿರುವಿದ ಮೇಲೆ ಎಲ್ಲಿಯೋ ಮುಗಿಯುತ್ತಿತ್ತು. ಟೈಪಿಂಗ್ ಕ್ಲಾಸಿನವನು ಆ ವಾಕ್ಯ ಹೊಡೆದ ಮೇಲೆ ಹೊರಗೆ ಹೋಗಿ ಚಹಾ ಕುಡಿದು ಬಂದು ಎರಡನೆಯದಕ್ಕೆ ಕೈ ಹಾಕಿದನಂತೆ.

ಪತ್ರಿಕೆಯ ಹಿಂಬದಿಯಲ್ಲಿ ಲೇಖಕರಿಗೆ ಸೂಚನೆಗಳಿದ್ದವು. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು, ಅಂಚು ಬಿಡಬೇಕು, ಚಿತ್ರಗಳನ್ನು ಬೇರೆ ಹಾಳೆಯಲ್ಲಿ ಕೊಡಬೇಕು. ಇದೆಲ್ಲ ಆಯಿತು. ಕೊನೆಯ ಸೂಚನೆ ಹೀಗಿತ್ತು: 'ವಿಜ್ಞಾನ ಓದದ, ಲೇಖಕರಿಗೆ ಸಂಬಂಧಿಕರಲ್ಲದ ಒಬ್ಬರಿಗಾದರೂ ಲೇಖನವನ್ನು ಓದಿ ಹೇಳಿ, ನನಗೆ ತಿಳಿಯಿತು ಎಂದು ಅವರಿಂದ ಬರೆಯಿಸಿ, ಸಹಿ ಪಡೆದು ಲಗತ್ತಿಸತಕ್ಕದ್ದು.'

"ಇದೇನು ದೊಡ್ಡದು?" ಎಂದರು ಮಾಸ್ತರರು. "ವಿಜ್ಞಾನ ಓದಲಾರದವರಿಗೆ ನಮ್ಮೂರಾಗ ಏನು ಬರಗಾಲ?"

ಹಸ್ತಪ್ರತಿಯನ್ನು ಹಿಡಿದು ಹೊಸ್ತಿಲು ದಾಟುವಷ್ಟರಲ್ಲಿ ತಾಯಿ ಚನ್ನವ್ವ ತಡೆದಳು. ಸವದತ್ತಿಯ ದೇವಿಯ ಗುಡ್ಡದಿಂದ ತಂದ ಭಂಡಾರವನ್ನು, ಅಂದರೆ ಪ್ರಸಾದದ ಅರಿಷಿಣವನ್ನು, ನೀರಿನಲ್ಲಿ ಕಲಸಿಕೊಂಡು, ಲಗ್ನಪತ್ರಿಕೆಗೆ ಹಚ್ಚುವಂತೆ, ಒಂದೊಂದು ಹಾಳೆಯ ನಾಲ್ಕೂ ಮೂಲೆಗೆ ಹಚ್ಚಿದಳು.

"ಅವ್ವಾ, ಇದು ವಿಜ್ಞಾನ!"

"ವಿಜ್ಞಾನಕ್ಕ ದೃಷ್ಟಿ ತಾಗೂದುಲ್ಲೇನು? ಹೊಸಾ ಗಾಡಿಗೆ ಹಚ್ಚತೇವಿ, ಬಿತ್ತೂ ಬೀಜಕ್ಕ ಹಚ್ಚತೇವಿ. ಇದೊಂದು ಬೋಳ ಹೋಗಬೇಕೇನು?"

ಅರಿಷಿಣದ ಮೂಲೆಗಳ ಆ ಹಸ್ತಪ್ರತಿ ಹಿಡಿದು ಮಾಸ್ತರರು ಸಹಿಗೆ ಹೊರಟರು. ಮೊದಲು ನನ್ನಲ್ಲಿಗೇ ಬಂದರು. ನನಗೆ ಎರಡನೆಯ ಪುಟದಲ್ಲಿ ನಿದ್ದೆ ಬಂತು. ನಿದ್ದೆ ಹೋದವನ ಸಹಿ ಕಾಯ್ದೆ ಪ್ರಕಾರ ನಡೆಯುವುದಿಲ್ಲವೆಂದು ಅವರೇ ತೀರ್ಮಾನಿಸಿ ಎದ್ದು ಹೋದರು. ಮುಂದೆ ಹೆಡ್‌ಮಾಸ್ತರ ಮಹಾಂತಪ್ಪನವರು. ಅವರು ಕನ್ನಡ ಪಂಡಿತರು, ಸಮಾಸಗಳಿಗೆ ಹೆದರುವವರಲ್ಲ. ಪೂರ್ತಿ ಕೇಳಿದರು.

"ತಿಳೀತೇನ್ರಿ ಸರ್?"

"ತಿಳಿದಿರಬಹುದು. ಆದರ ತಿಳೀತು ಅಂತ ಬರದು ಕೊಡಾಕ ನನಗ ಅಧಿಕಾರ ಇಲ್ಲ. ನೀವೊಂದು ಅರ್ಜಿ ಕೊಡ್ರಿ, ಮ್ಯಾಲಿನ ಆಫೀಸಿಗೆ ಕಳಸ್ತೇನಿ. ನನಗ ತಿಳೀತೋ ಇಲ್ಲೋ ಅಂತ ಅಲ್ಲಿಂದ ಉತ್ತರಾ ಬರತೈತಿ."

ಅಷ್ಟರಲ್ಲಿ ಸಾಲೆ ಶುರುವಾಗಿತ್ತು; ಮಾಸ್ತರರು ಒಂದು ದಿನ ರಜೆ ಹಾಕಿ, ಕೊನೆಗೆ ಉಳಿದ ಕಿರಾಣಿ ಅಂಗಡಿಯ ಶಟ್ಟೆಪ್ಪನಲ್ಲಿಗೆ ಹೋದರು. ಆದರೆ ಶಟ್ಟೆಪ್ಪ ಯಾವ ಕಾಗದಕ್ಕೂ ಸಹಿ ಹಾಕುವವನಲ್ಲ. ಹರೆಯದಲ್ಲಿ ಯಾರದೋ ಎಮ್ಮೆ ಕಳುವಾದಾಗ, ಪೊಲೀಸರ ಪಂಚನಾಮೆಗೆ ಸಾಕ್ಷಿಯಾಗಿ ಒಂದು ಸಹಿ ಹಾಕಿದ್ದ. ಆ ಖಟ್ಲೆ ಕೋರ್ಟಿನಲ್ಲಿ ಇನ್ನೂ ನಡೆದಿತ್ತು.

"ಮಾಸ್ತರ, ಆ ಎಮ್ಮಿ ಸತ್ತು. ಎಮ್ಮಿ ಕದ್ದಾಂವ ಸತ್ತ. ವಕೀಲ ಮುದುಕಾಗಿ ಮನ್ಯಾಗ ಕುಂತ. ನಾ ಒಬ್ಬಾಂವ ಇನ್ನೂ ತಾರೀಖಿಗೆ ಹೋಗಾಕ ಹತ್ತೇನಿ. ನಾಳೆ ಈ ನಿಮ್ಮ ರಂಧ್ರ ಅಲ್ಲಿ ಇಲ್ಲೇ ಇಲ್ಲ ಅಂತಾತು, ಆವಾಗೇನು? 'ಶಟ್ಟೆಪ್ಪಾ, ನೀ ಕಣ್ಣಾರೆ ನೋಡಿದ್ದೇನು' ಅಂತ ಜಡ್ಜ್ ಸಾಹೇಬ್ರು ಕೇಳಿದ್ರ ನಾ ಏನು ಹೇಳ್ಲಿ?"

"ಯಾರೂ ಕೇಳೂದುಲ್ಲೋ ಮಾರಾಯಾ! ಬರೇ ತಿಳೀತು ಅಂತ ಬರದರ ಸಾಕು."

"ತಿಳೀಲಾರದ್ದನ್ನ ತಿಳೀತು ಅಂದ್ರ ಸುಳ್ಳು ಸಾಕ್ಷಿ. ಅದಕ್ಕ ಬ್ಯಾರೆ ಕಲಂ ಐತಿ."

ಆದರೂ ಮಾಸ್ತರರ ಮುಖ ನೋಡಿ ಅವನ ಮನಸ್ಸು ಕರಗಿತು. ಆಗ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ. ಸುಣ್ಣದ ಬೆರಳಿನಿಂದಲೇ ಹಾಳೆಯ ಮೂಲೆ ಹಿಡಿದು, "ಕೊಡ್ರಿಲ್ಲೆ, ಎಲ್ಲಿ ಹಾಕಬೇಕಂತ ನೋಡೂಣು" ಎಂದ.

ಹಳದಿ ಮೂಲೆ ಅವನ ಬೆರಳ ಕೆಳಗೆ ಕೆಂಪಗಾಯಿತು.

ಶಟ್ಟೆಪ್ಪ ಹಾಳೆಯನ್ನು ಎಸೆದು, ಬೆಲ್ಲದ ಡಬ್ಬಿಯನ್ನು ಉರುಳಿಸಿ, ಒಂದೇ ಜಿಗಿತಕ್ಕೆ ಬೀದಿಯಲ್ಲಿದ್ದ. "ರಕ್ತ! ಕಾಗದಕ್ಕ ರಕ್ತ ಬಂತೋ! ಸಹಿ ಹಾಕಬ್ಯಾಡ ಅಂತ ತಾಯಿ ಹೇಳ್ಯಾಳೋ!"

ನಮ್ಮೂರಿನಲ್ಲಿ ಟೆಲಿಫೋನ್ ಬೂತುಗಳು ಆಗಷ್ಟೇ ಬಂದಿದ್ದವು. ಅವುಗಳ ಅಗತ್ಯವೇನಿತ್ತೋ ನನಗಿನ್ನೂ ತಿಳಿಯದು. ಅಂಗಡಿಯ ಮುಂದೆ ಕಾಗದಕ್ಕೆ ಬಂದ ರಕ್ತ, ಓಣಿಯ ತುದಿ ಮುಟ್ಟುವಾಗ ಮಾಸ್ತರರು ಕಾರಿಕೊಂಡ ರಕ್ತವಾಗಿತ್ತು. ಬಸ್‌ಸ್ಟ್ಯಾಂಡಿನ ಹೊತ್ತಿಗೆ ಮಾಸ್ತರರು ತೀರಿಕೊಂಡಿದ್ದರು. ಹೈಸ್ಕೂಲಿನಲ್ಲಿ ಮಹಾಂತಪ್ಪನವರು ಗಂಟೆ ಹೊಡೆಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಉಳವಪ್ಪನವರ ಸರಳ ಸ್ವಭಾವವನ್ನು ಕೊಂಡಾಡಿ, ರಜೆ ಕೊಟ್ಟು, ಒಂದು ದೊಡ್ಡ ಹೂಮಾಲೆ ಕೊಂಡು ನಮ್ಮ ಓಣಿಗೆ ಬಂದರು.

ಬಂದು ನೋಡಿದರೆ ತೀರಿಕೊಂಡವರು ತಮ್ಮ ಮನೆಯ ಕಟ್ಟೆಯ ಮೇಲೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

"ಅಲ್ರೀ, ನೀವು..." ಎಂದರು ಹೆಡ್‌ಮಾಸ್ತರರು. "ನಾ ರಜಾ ಕೊಟ್ಟೇನಿ. ಈಗ ವಾಪಸ್ ತಗೊಳ್ಳಾಕ ಬರೂದುಲ್ಲ."

ಜನ ಸೇರಿತ್ತು. ಚನ್ನವ್ವ ಹಾಳೆಯ ಮುಂದೆ ಕೈಮುಗಿದು ಕುಳಿತಿದ್ದಳು. "ಇದನ್ನ ಗುಡ್ಡಕ್ಕ ಒಯ್ದು ತಪ್ಪು ಕೇಳೂಣು. ಉಳವಾ, ಇನ್ನ ನೀ ಬರ್ಯಾಕ ಹೋಗಬ್ಯಾಡಪ್ಪ." ಜನರೆಲ್ಲ ಹೌದೆಂದು ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ರಾಜೇಶ್ವರಿ ಮಾತ್ರ ಗಂಡನನ್ನೇ ನೋಡುತ್ತಿದ್ದಳು. ಮಾಸ್ತರರು ಅವಳ ಕಡೆ ನೋಡಿದರು. ಕಿತ್ತೂರಿನ ಪಂಕ್ತಿಯಲ್ಲಿ ಕಂಡ ಅದೇ ಮುಖ.

ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದರೂ ಅವರು ದನಿ ಏರಿಸಿದ್ದನ್ನು ನಾನು ಅಂದೇ ಕೇಳಿದ್ದು.

"ಶಟ್ಟೆಪ್ಪಾ! ಆ ಸುಣ್ಣದ ಡಬ್ಬಿ ತಾ. ಅಂಗಡ್ಯಾಗ ಲಿಂಬಿಹಣ್ಣು ಅದಾವೇನು? ಒಂದು ಬಟ್ಟಿ ಸಬಕಾರಾನೂ ತಾ."

ಅವರು ಇನ್ನೊಂದು ಹಾಳೆಯ ಹಳದಿ ಮೂಲೆಗೆ ಸುಣ್ಣ ಮುಟ್ಟಿಸಿದರು. ಕೆಂಪು! ಜನ ಹಿಂದಕ್ಕೆ ಸರಿದರು. ಬಟ್ಟೆ ಒಗೆಯುವ ಸಬಕಾರವನ್ನು ಒದ್ದೆ ಮಾಡಿ ಮುಟ್ಟಿಸಿದರು. ಅದೂ ಕೆಂಪು. ಆಮೇಲೆ ಲಿಂಬೆಹಣ್ಣು ಹಿಂಡಿದರು. ಕೆಂಪು ಕರಗಿ, ಮತ್ತೆ ಮೊದಲಿನ ಹಳದಿ! ಜನ ಮುಂದಕ್ಕೆ ಬಂದರು.

"ಸುಣ್ಣ, ಸಬಕಾರ, ಬೂದಿ, ಇವೆಲ್ಲ ಕ್ಷಾರದ ಜಾತಿ. ಲಿಂಬಿ, ಹುಣಸಿ, ಮಜ್ಜಿಗಿ ಹುಳಿ ಜಾತಿ. ಅರಿಷಿಣ ನಮ್ಮ ನಾಲಿಗಿ ಇದ್ದಂಗ, ಅದಕ್ಕ ಈ ಎರಡರ ಫರಕು ಗೊತ್ತಾಗತೈತಿ. ನಾಲಿಗಿ ಬಾಯಿಲೆ ಹೇಳತೈತಿ, ಇದು ಬಣ್ಣಾ ಬದಲಿ ಮಾಡಿ ಹೇಳತೈತಿ. ಅವ್ವಾ, ನೀ ಹೇಳು, ಕುಂಕುಮ ಹೆಂಗ ಮಾಡ್ತಾರ?"

"ಅರಿಷಿಣಕ್ಕ ಸುಣ್ಣಾ ಹಾಕಿ..." ಎಂದು ಶುರು ಮಾಡಿದ ಚನ್ನವ್ವ ಅಲ್ಲಿಗೇ ನಿಂತು, ತನ್ನ ಹಣೆಯನ್ನು ಮುಟ್ಟಿ ನೋಡಿಕೊಂಡಳು.

ರಾಚವ್ವ ಹಾಲಿನ ಚರಿಗೆ ಕೆಳಗಿಟ್ಟಳು. "ಹಂಗಾರ ಗುಡ್ಡಕ್ಕ ಹೋಗಿ ಬಂದ ಧೋತರಕ್ಕ ಸಬಕಾರ ಹಚ್ಚಿದ್ರ ಕೆಂಪ ಆಗೂದು ಇದಕ್ಕನ? ಅಯ್ಯ ನಮ್ಮವ್ವ! ನನ್ನ ಸೊಸಿ ಏನೋ ಮಾಡ್ಯಾಳಂತ ಅಮಾಸಿ ತನಕಾ ಆಕಿ ಕೂಡ ಮಾತು ಬಿಟ್ಟಿದ್ದೆ!"

ಜನ ಗೊಳ್ಳೆಂದು ನಕ್ಕರು. ಶಟ್ಟೆಪ್ಪ ಸಾಕ್ಷಿಕಟ್ಟೆಯಲ್ಲಿ ನಿಂತವನಂತೆ ನೆಟ್ಟಗಾದ. "ಇದನ್ನ ನಾ ಕಣ್ಣಾರೆ ನೋಡೇನಿ. ಇದಕ್ಕ ಬೇಕಾದ್ರ ಸಹಿ ಹಾಕ್ತೇನಿ. ಕೋರ್ಟಿಗೆ ಕರದ್ರೂ ಹೇಳ್ತೇನಿ."

ಹೆಡ್‌ಮಾಸ್ತರರ ಕೈಯಲ್ಲಿ ಮಾಲೆ ಹಾಗೆಯೇ ಇತ್ತು. ಕೊಂಡದ್ದನ್ನು ವಾಪಸು ಒಯ್ಯಲು ಬರುವುದಿಲ್ಲವೆಂದು ಅವರು ಅದನ್ನು ಉಳವಪ್ಪ ಮಾಸ್ತರರ ಕೊರಳಿಗೆ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ತನ್ನ ಅಂತ್ಯಕ್ರಿಯೆಗೆ ತಂದ ಮಾಲೆಯಲ್ಲಿ ಸನ್ಮಾನ ಮಾಡಿಸಿಕೊಂಡ ಮನುಷ್ಯ ನಮ್ಮ ತಾಲೂಕಿನಲ್ಲಿ ಮತ್ತೊಬ್ಬನಿದ್ದರೆ ತೋರಿಸಲಿ.

"ಇದನ್ನ ಬರೀರಿ," ಎಂದಳು ರಾಜೇಶ್ವರಿ.

"ಏ, ಇದು ಅಡಗಿಮನಿ ಮಾತು. ಬೆಂಗಳೂರಿನವರು ನಗ್ತಾರ."

"ನಿಮ್ಮ ಕರೀ ರಂಧ್ರ ಯಾರ ಮನ್ಯಾಗ ಐತಿ? ಇದನ್ನ ಬರೀರಿ."

ಮಾಸ್ತರರು ಬರೆದರು. ಈ ಸಲ ವಾಕ್ಯಗಳು ಗಿಡ್ಡಗಿದ್ದವು. ಟೈಪಿಂಗ್ ಕ್ಲಾಸಿನವನು ಚಹಾ ಕುಡಿಯದೆ ಒಂದೇ ಉಸಿರಿನಲ್ಲಿ ಹೊಡೆದು ಮುಗಿಸಿದ. ಮುಗಿಸಿದವನು ತಾನೂ ಸಹಿ ಹಾಕುತ್ತೇನೆಂದು ಕುಳಿತ. ತೊಂದರೆ ಶುರುವಾದದ್ದು ಅಲ್ಲಿಂದ. ಶಟ್ಟೆಪ್ಪನಂಥ ಶಟ್ಟೆಪ್ಪನೇ ಸಹಿ ಹಾಕಿದ್ದಾನೆಂಬ ಸುದ್ದಿ ಹಬ್ಬಿ, ಹಾಕದೆ ಉಳಿದರೆ ತಮಗೆ ತಿಳಿಯಲಿಲ್ಲವೆಂದು ಆಗುತ್ತದಲ್ಲ ಎಂದು ಜನ ಗಾಬರಿಯಾದರು. ಆದರೆ ಸುಳ್ಳು ಸಾಕ್ಷಿಯ ಕಲಮಿಗೆ ಎಲ್ಲರೂ ಹೆದರಿದ್ದರು. ಆದ್ದರಿಂದ ಪ್ರತಿಯೊಬ್ಬರೂ ತಾವೇ ಮಾಡಿ ನೋಡಿದ ಮೇಲೆಯೇ ಪೆನ್ನು ಮುಟ್ಟಿದರು. ಓಣಿಯ ಕಟ್ಟೆಗಳೆಲ್ಲ ಹಳದಿ ಕೆಂಪಾದವು. ಮುರಗೋಡದಿಂದ ಬಂದ ಒಬ್ಬ ಬೀಗರು ಊಟಕ್ಕೆ ಮೊದಲು ಸಹಿ ಹಾಕಿದರು. ಸಿರಸಂಗಿಗೆ ಹೊರಟ ಬಸ್ಸಿನ ಕಂಡಕ್ಟರ್ ಬಸ್ಸು ನಿಲ್ಲಿಸಿ ಸಹಿ ಹಾಕಿದ. ಆ ವಾರದ ಸಂತೆಯಲ್ಲಿ ಒಂದು ಲಿಂಬೆಹಣ್ಣೂ ಉಳಿಯಲಿಲ್ಲ. ಮಹಾಂತಪ್ಪನವರು ಮೇಲಿನ ಆಫೀಸಿನ ಉತ್ತರಕ್ಕೆ ಕಾಯದೆ, ಬಾಗಿಲು ಮುಚ್ಚಿಕೊಂಡು, ಖಾಸಗಿಯಾಗಿ ಸಹಿ ಹಾಕಿದರು.

ರಾಜೇಶ್ವರಿಯೂ ಪೆನ್ನು ತೆಗೆದುಕೊಂಡಿದ್ದಳು. ಸಂಬಂಧಿಕರು ಹಾಕುವಂತಿಲ್ಲವೆಂದು ಮಾಸ್ತರರು ಸೂಚನೆ ತೋರಿಸಿದರು. ಅವಳು ಪೆನ್ನಿನ ಮುಚ್ಚಳ ಹಾಕಿ ಇಟ್ಟಳು.

ಚನ್ನವ್ವ ಮತ್ತೆ ನಾಲ್ಕು ಮೂಲೆಗೆ ಭಂಡಾರ ಹಚ್ಚಿದಳು. ಈ ಸಲ ಮಾಸ್ತರರು ತಡೆಯಲಿಲ್ಲ. ಲಕೋಟೆ ದಪ್ಪವಾಗಿತ್ತು. ಅಂಚೆ ಕಚೇರಿಯ ಗುಮಾಸ್ತರು ಅದನ್ನು ತೂಗಿ, ಇನ್ನೂ ಅಂಟಿಸದ ಅದರ ಬಾಯಿಯೊಳಗೆ ಇಣುಕಿ, ಸಹಿಗಳನ್ನು ಕಂಡು ಕೈ ಹಿಂದಕ್ಕೆಳೆದುಕೊಂಡರು.

"ಇದು ಯಾರ ಮ್ಯಾಲಿನ ತಕರಾರು ಅರ್ಜಿ? ನಮ್ಮ ಮ್ಯಾಲಲ್ಲ ಹೌದಲ್ಲೋ?"

"ಅಲ್ರಿ, ಅರಿಷಿಣದ ಮ್ಯಾಲ."

"ಅರಿಷಿಣ ಏನು ಮಾಡೇತ್ರಿ?" ಎಂದರು ಗುಮಾಸ್ತರು. ಅದನ್ನು ತಿಳಿಸಿ ಹೇಳಿ ಹೊರಬರುವಷ್ಟರಲ್ಲಿ ಇನ್ನೊಂದು ಸಹಿ ಹೆಚ್ಚಾಗಿತ್ತು.

ಆಮೇಲೆ ಮಳೆಗಾಲವೆಲ್ಲ ನಾವು ಕಾದೆವು. ಪೋಸ್ಟ್‌ಮನ್ ಓಣಿಗೆ ಬಂದರೆ ಎಲ್ಲ ಮನೆಯವರೂ ಬಾಗಿಲಿಗೆ ಬರುತ್ತಿದ್ದರು, ಸಹಿ ಎಲ್ಲರದೂ ಇತ್ತಲ್ಲ. ಶಟ್ಟೆಪ್ಪ ಮಾತ್ರ ಸಮನ್ಸು ಬರುತ್ತದೆಂದು ಇಸ್ತ್ರಿ ಮಾಡಿದ ಅಂಗಿಯೊಂದನ್ನು ತೆಗೆದಿಟ್ಟಿದ್ದ. ಕೊನೆಗೆ ಸಂಪಾದಕರ ಕಾರ್ಡು ಬಂತು. ಲೇಖನ ಸ್ವೀಕೃತವಾಗಿದೆ, ದೀಪಾವಳಿ ಸಂಚಿಕೆಯಲ್ಲಿ ಬರುತ್ತದೆ, ಒಂದೇ ಸಹಿ ಸಾಕಾಗಿತ್ತು ಎಂದು ಬರೆದಿದ್ದರು.

ಸಂಚಿಕೆ ಬಂದಾಗ ನೋಡಿದರೆ, ಲೇಖನದ ಪಕ್ಕದ ಪುಟದಲ್ಲಿ ನಮ್ಮ ಸಹಿಗಳ ಹಾಳೆಯ ಚಿತ್ರವನ್ನೇ ಅಚ್ಚು ಹಾಕಿದ್ದರು. ಶಟ್ಟೆಪ್ಪನ ಸಹಿ ಎಲ್ಲಕ್ಕಿಂತ ಮೇಲೆ. ಕೆಳಗೆ ರಾಚವ್ವನ ಹೆಬ್ಬೆರಳು. ನನ್ನದು ಎಡಗಡೆ, ಕಂಡಕ್ಟರನ ಸಹಿಯ ಕೆಳಗೆ, ಸ್ವಲ್ಪ ಮಸುಕಾಗಿದೆ, ಆದರೆ ಗೊತ್ತಿದ್ದವರಿಗೆ ಕಾಣುತ್ತದೆ. ನನಗೆ ಅಂದು ಎಷ್ಟು ಹೆಮ್ಮೆಯಾಯಿತೆಂದು ಹೇಳಲು ನಾಚಿಕೆಯಿಲ್ಲ. ಲೇಖನದ ತಲೆಯ ಮೇಲೆ ದಪ್ಪ ಅಕ್ಷರಗಳಲ್ಲಿ 'ಉಳವಪ್ಪ ತುರಮರಿ, ಬೈಲಹೊಂಗಲ' ಎಂದಿತ್ತು. ಮಾಸ್ತರರು ಆ ಹೆಸರನ್ನು ಯಾರೋ ಬೇರೆಯವರದೆನ್ನುವಂತೆ ನೋಡುತ್ತ ನಿಂತರು. ಚನ್ನವ್ವ ಅಚ್ಚಾದ ಸಂಚಿಕೆಯ ನಾಲ್ಕು ಮೂಲೆಗೂ ಭಂಡಾರ ಹಚ್ಚಿ ದೇವರ ಜಗಲಿಯ ಮೇಲಿಟ್ಟಳು.

ದೀಪಾವಳಿಗೆ ಶಂಕರೆಪ್ಪ ರಾಮದುರ್ಗದಿಂದ ಬಂದ. ಹೊಸ ಬಿಳಿ ಅಂಗಿ, ಬಿಳಿ ಪ್ಯಾಂಟು. ಸಂಚಿಕೆಯನ್ನು ಎದೆಗೊರಗಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ ಓದಿದ. ನಾವು ಐದಾರು ಸಹಿದಾರರು ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದೆವು.

"ಹೂಂ," ಎಂದ ಶಂಕರೆಪ್ಪ. "ಇದರಾಗ ಹೊಸಾದು ಏನೈತಿ? ಇದು ಎಲ್ಲಾರಿಗೂ ಗೊತ್ತಿದ್ದದ್ದ. ನನ್ನ ತೊರಗಲ್ಲಿನ ಲೇಖನ ನೋಡಿದ್ರ..."

"ಅದಕ್ಕ ಎಷ್ಟು ಮಂದಿ ಸಹಿ ಮಾಡಿದ್ರಿ?" ಎಂದು ಚನ್ನವ್ವ ಒಳಗಿನಿಂದ ಕೇಳಿದಳು.

ಶಂಕರೆಪ್ಪ ಸಂಚಿಕೆಯನ್ನು ಮಡಚಿ ಕೆಳಗಿಟ್ಟ. ತಲೆ ತಗ್ಗಿಸಿದವನಿಗೆ ಅಂಗಿಯ ಮೇಲೆ ಎರಡು ಹಳದಿ ಕಲೆಗಳು ಕಂಡವು. ಹಬ್ಬವೆಂದು ಚನ್ನವ್ವ ಬೆಳಿಗ್ಗೆ ಮೂಲೆಗಳಿಗೆ ಮತ್ತೆ ಹಚ್ಚಿದ್ದ ಭಂಡಾರ ಇನ್ನೂ ಹಸಿ ಇತ್ತು. ಬೈದುಕೊಳ್ಳುತ್ತ ಬಚ್ಚಲಿಗೆ ಹೋದ. ನೀರು ಸುರಿದ ಸದ್ದು ಕೇಳಿಸಿತು, ಸಬಕಾರ ತಿಕ್ಕಿದ ಸದ್ದು ಕೇಳಿಸಿತು. ಆಮೇಲೆ ರಾಮದುರ್ಗದವರೆಗೆ ಕೇಳಿಸುವಂಥ ಒಂದು ಕೂಗು ಬಂತು.

"ರಾಜೇಶ್ವರೀ! ಲಗೂನ ಬಾ! ಎದಿಗೆ ರಕ್ತ! ಡಾಕ್ಟರ್‌ನ ಕರೀರಿ!"

ಯಾರೂ ಏಳಲಿಲ್ಲ. ಶಟ್ಟೆಪ್ಪ ಮಾತ್ರ ಜೇಬಿನಿಂದ ಒಂದು ಲಿಂಬೆಹಣ್ಣು ತೆಗೆದು ಸುಮ್ಮನೆ ಕಟ್ಟೆಯ ಮೇಲಿಟ್ಟ. ರಾಜೇಶ್ವರಿ ಅದನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಸಂಚಿಕೆ ಹಿಡಿದು ಬಚ್ಚಲ ಬಾಗಿಲಿಗೆ ಹೋದಳು.

"ಗಾಬ್ರಿ ಆಗಬ್ಯಾಡ ಅಣ್ಣಾ. ಮೂರನೇ ಪ್ಯಾರಾ ಓದು. ನಮ್ಮನಿಯವರು ಬರದಾರ."

ಬಚ್ಚಲಿನಿಂದ ಪುಟ ತಿರುವಿದ ಸದ್ದು ಬಂತು, ಆಮೇಲೆ ಮತ್ತೆ ಬಟ್ಟೆ ತಿಕ್ಕಿದ ಸದ್ದು. ಶಂಕರೆಪ್ಪ ಹೊರಬಂದಾಗ ಅಂಗಿಯ ಮೇಲೆ ಕಲೆಗಳು ಮತ್ತೆ ಹಳದಿಯಾಗಿದ್ದವು. ಮುಖ ಮಾತ್ರ ಕೆಂಪಗಿತ್ತು. ರಾಜೇಶ್ವರಿ ಒಂದು ಬಿಳಿ ಹಾಳೆ, ಪೆನ್ನು ಅವನ ಮುಂದೆ ಇಟ್ಟಳು.

"ಈಗ ತಿಳೀತೇನು?"

"ತಿಳೀತವಾ."

"ಹಂಗಾರ ಬರದು ಸಹಿ ಹಾಕು."

ಅವನು ನಮ್ಮೆಲ್ಲರ ಮುಖ ನೋಡಿ, 'ನನಗೆ ತಿಳಿಯಿತು' ಎಂದು ಬರೆದು ಸಹಿ ಹಾಕಿದ. ಸಾಕ್ಷಿ ಎಂದು ಕೆಳಗೆ ಶಟ್ಟೆಪ್ಪ ತಾನಾಗಿಯೇ ಇನ್ನೊಂದು ಸಹಿ ಜಡಿದ. ಉಳವಪ್ಪ ಮಾಸ್ತರರು, "ಅವ ಸಂಬಂಧಿಕ, ಅವನ ಸಹಿ ನಡೆಯೂದುಲ್ಲ" ಎಂದರು.

"ಪತ್ರಿಕಾಕ್ಕ ನಡೆಯಲಿಕ್ಕಿಲ್ಲ," ಎಂದಳು ರಾಜೇಶ್ವರಿ. "ನನಗ ನಡೀತೈತಿ."

ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಣ್ಣನಿಗೆ ಹೋಳಿಗೆ ಬಡಿಸಲು ಒಳಗೆ ಹೋದಳು. ಮರುದಿನ ಅವನ ಜೊತೆಗೇ ರಾಮದುರ್ಗದ ಬಸ್ಸು ಹತ್ತಿದಳು.